ಕಂಚಿನ ಪದಕದ ಖಾಶಾಬಾ ಜಾಧವ

ಖಾಶಾಬಾ ದಾದಾಸಾಹೇಬ ಜಾಧವ ಎಂಬ ಹೆಸರನ್ನು ನಮ್ಮ ಗಡಿನಾಡ ಓದುಗರಲ್ಲಿ ಎಷ್ಟು ಮಂದಿ ಕೇಳಿರುವರೋ ತಿಳಿಯದು. ಸ್ವತಂತ್ರ ಭಾರತಕ್ಕೆ ಒಲಿಂಪಿಕ್ ಕ್ರೀಡೆಗಳಲ್ಲಿ ಮೊತ್ತಮೊದಲ ವೈಯಕ್ತಿಕ ಪದಕವನ್ನು ತಂದುಕೊಟ್ಟವರು ಅವರು. 1952ರಲ್ಲಿ ಫಿನ್ಲೆಂಡ್ ದೇಶದ ರಾಜಧಾನಿ ಹೆಲ್ಸಿಂಕಿಯಲ್ಲಿ, ಕುಸ್ತಿಯಲ್ಲಿ, ಕಂಚಿನ ಪದಕ. ಅದಕ್ಕೂ ಹಿಂದೆ 1900ರಲ್ಲಿ ಪ್ಯಾರಿಸ್ಸಿನಲ್ಲಿ ನಾರ್ಮನ್ ಪ್ರಿಚರ್ಡ್ ಎಂಬವರು ಓಟದಲ್ಲಿ ಎರಡು ಬೆಳ್ಳಿ ಗೆದ್ದದ್ದುಂಟು. ಆದರೆ ಅದು ಬ್ರಿಟಿಷರ ಆಳಿಕೆಯ ಕಾಲ. ಖಾಶಾಬಾ ಅವರ ನಂತರ ಇನ್ನೊಬ್ಬ ಭಾರತೀಯನು ಒಬ್ಬಂಟಿಯಾಗಿ ಪದಕ ತರಲು 44 ವರ್ಷಗಳು ಬೇಕಾದುವು. 1996ರಲ್ಲಿ ಲಿಯಾಂಡರ್ ಪೇಸ್ ಟೆನಿಸ್ಸಿನಲ್ಲಿ ತಂದರು. ಕುಸ್ತಿಯಲ್ಲಂತೂ 2008ರಲ್ಲಿ ಬೀಜಿಂಗಿನಲ್ಲಿ ಸುಶೀಲ್ ಕುಮಾರ್ ಗೆಲ್ಲುವ ತನಕ, ಅಂದರೆ 56 ವರ್ಷ, ಆ ಜಾಗ ಬರಿದಾಗಿಯೇ ಇತ್ತು.

ಕಾಸರಗೋಡಿನ ಪತ್ರಿಕೆಗೆ ಸೊಲ್ಲಾಪುರ ಜಿಲ್ಲೆಯ ಮಾಸ್ತರನೊಬ್ಬ ಕರಾಡದ ಪೈಲವಾನನ ಕಥೆ ಬರೆಯುವುದೇಕೆಂದು ಯಾರಾದರೂ ಹುಬ್ಬೇರಿಸಬಹುದು. ನನ್ನ ಊರು ಮಂಗಳವೇಢೆ. ಕಲಚುರಿ ಬಿಜ್ಜಳನು ಆಳಿದ ಊರು. ಕಲ್ಯಾಣಕ್ಕೆ ಹೋಗುವ ಮುನ್ನ ಬಸವಣ್ಣನವರು ಇದ್ದ ಊರು. ಬರಗಾಲದಲ್ಲಿ ಸುಲ್ತಾನನ ಕಣಜವನ್ನು ಬಡವರಿಗೆ ತೆರೆದುಕೊಟ್ಟ ದಾಮಾಜಿ ಪಂತರ ಊರು. ನಮ್ಮಲ್ಲಿ ಮನೆಮಾತು ಕನ್ನಡ, ಕಚೇರಿಯ ಮಾತು ಮರಾಠಿ. ನಿಮ್ಮಲ್ಲಿ ಮನೆಮಾತು ಕನ್ನಡವೋ ತುಳುವೋ, ಕಚೇರಿಯ ಮಾತು ಮಲೆಯಾಳ. ನಾನು ಪಾಠ ಹೇಳುವುದು ಅಕ್ಕಲಕೋಟೆ ತಾಲ್ಲೂಕಿನ ಒಂದು ಕನ್ನಡ ಮಾಧ್ಯಮ ಪ್ರೌಢಶಾಲೆಯಲ್ಲಿ. ಟಿ.ಸಿ.ಎಚ್. ತರಬೇತಿಯಲ್ಲಿ ನನ್ನ ಕೋಣೆಯ ಜೊತೆಗಾರರಾಗಿದ್ದ ನಿಮ್ಮ ಕಡೆಯ ಮಿತ್ರರೊಬ್ಬರು ಈ ಪತ್ರಿಕೆಯನ್ನು ಕಟ್ಟು ಕಟ್ಟಿ ಅಂಚೆಯಲ್ಲಿ ಕಳಿಸುತ್ತ ಬಂದಿದ್ದಾರೆ. ಆ ಋಣಕ್ಕಾಗಿ ಈ ಬರಹ ಎಂದುಕೊಂಡರೂ ಸರಿಯೇ.

ನಿಮ್ಮ ಸೀಮೆಯಲ್ಲಿ ಗರಡಿ ಎಂದರೆ ಕೋಟಿ ಚೆನ್ನಯರ ಗುಡಿ, ಕೈಮುಗಿಯುವ ಜಾಗ. ನಮ್ಮ ಸೀಮೆಯಲ್ಲಿ ಗರಡಿ ಮನೆಯನ್ನು ತಾಲೀಮು ಎನ್ನುತ್ತಾರೆ. ಅಲ್ಲಿಯೂ ಕೈಮುಗಿದೇ ಒಳಗೆ ಹೋಗಬೇಕು, ಹನುಮಪ್ಪನ ಚಿತ್ರ ಇದ್ದೇ ಇರುತ್ತದೆ. ಆದರೆ ಒಳಗಿರುವುದು ಕೆಂಪು ಮಣ್ಣು. ಜರಡಿ ಹಿಡಿದ ಮಣ್ಣಿಗೆ ಮಜ್ಜಿಗೆ, ಎಣ್ಣೆ, ಅರಿಸಿನ, ಲಿಂಬೆರಸ ಬೆರೆಸಿ ಹದ ಮಾಡಿರುತ್ತಾರೆ. ಮೈಗೆ ಗಾಯವಾದರೆ ಅದೇ ಮಣ್ಣು ಔಷಧವೆಂದು ವಸ್ತಾದರ ನಂಬಿಕೆ. ಹುಲಜಂತಿಯ ಮಾಳಿಂಗರಾಯನ ಜಾತ್ರೆ ದೀಪಾವಳಿಗೆ ಆಗುತ್ತದೆ, ಪಲ್ಲಕ್ಕಿಗಳ ಭೇಟಿ ನೋಡಲು ಜನ ಕಿಕ್ಕಿರಿದು ಸೇರುತ್ತಾರೆ. ಸುತ್ತಲ ಹಳ್ಳಿಗಳ ಜಾತ್ರೆಗಳಲ್ಲಿ ತೇರೋ ಪಲ್ಲಕ್ಕಿಯೋ ಮುಗಿದ ಮಾರನೆಯ ದಿನ ಕುಸ್ತಿ. ಹಲಗೆಯ ಸದ್ದು ಕೇಳಿದರೆ ಹೊಲದಲ್ಲಿ ಜೋಳ ಕಾಯುವವನೂ ಕವಣೆ ಬಿಟ್ಟು ಬರುತ್ತಾನೆ. ಮೊದಲು ಚಿಕ್ಕ ಹುಡುಗರ ಜೋಡಿ; ಗೆದ್ದವನಿಗೆ ಒಂದು ತೆಂಗಿನಕಾಯಿ. ಆ ಮೇಲೆ ಐವತ್ತೊಂದು, ನೂರಾ ಒಂದು, ಹೀಗೆ ಏರುತ್ತ ಏರುತ್ತ ಹೊತ್ತು ಮುಳುಗುವ ವೇಳೆಗೆ ದೊಡ್ಡ ಜೋಡಿಗೆ ಬೆಳ್ಳಿಯ ಕಡಗ. ಗೆದ್ದವನು ತಲೆಗೆ ಪಟಗಾ ಸುತ್ತಿಸಿಕೊಂಡು ಅಖಾಡದ ಸುತ್ತ ಬರುತ್ತಾನೆ; ಜನ ಕೈಗೆ ಬಂದಷ್ಟು ಕೊಡುತ್ತಾರೆ. ನಾನು ಏಳನೆಯ ವಯಸ್ಸಿನಲ್ಲಿ ಅಪ್ಪನ ಹೆಗಲ ಮೇಲೆ ಕುಳಿತು ನೋಡಲು ಆರಂಭಿಸಿದವನು. ಸ್ವತಃ ಅಖಾಡಕ್ಕೆ ಇಳಿದದ್ದು ಎರಡೇ ಸಲ. ಎರಡೂ ಸಲ ಬೆನ್ನಿಗೆ ಮಣ್ಣು ಹತ್ತಿತು. ಅಲ್ಲಿಂದ ನೋಡುವವರ ಸಾಲಿನಲ್ಲಿಯೇ ಇದ್ದೇನೆ.

ನೋಡುವವನಿಗೆ ಕೂಡಿಡುವ ಚಟ ತಾನಾಗಿ ಬರುತ್ತದೆ. ನಾನು ಶಾಲೆಗೆ ಹೋಗುತ್ತಿದ್ದ 1990ರ ದಶಕದಲ್ಲಿ ಟಿ.ವಿ.ಯಲ್ಲಿ ಅಮೆರಿಕದ ಡಬ್ಲ್ಯು.ಡಬ್ಲ್ಯು.ಎಫ್. ಕುಸ್ತಿ ಬರಲಾರಂಭಿಸಿತು. ಅದರ ಬೆನ್ನಿಗೇ ಪೇಟೆಯ ಅಂಗಡಿಗಳಲ್ಲಿ ಟ್ರಂಪ್ ಕಾರ್ಡುಗಳ ಕಟ್ಟು. ಒಂದೊಂದು ಎಲೆಯಲ್ಲೂ ಒಬ್ಬೊಬ್ಬ ಪೈಲವಾನ. ಹಲ್ಕ್ ಹೋಗನ್, ಅಂಡರ್‌ಟೇಕರ್, ಯೊಕೊಜುನಾ. ಕೆಳಗೆ ಎತ್ತರ, ತೂಕ, ಎದೆಯ ಸುತ್ತಳತೆ, ರ್‍ಯಾಂಕು. ಯಾರ ಎಲೆಯ ಅಂಕಿ ದೊಡ್ಡದೋ ಅವನು ಎದುರಾಳಿಯ ಎಲೆಯನ್ನು ಕಿತ್ತುಕೊಳ್ಳುವ ಆಟ. ನನ್ನ ಬಳಿ ಇದ್ದ ಯೊಕೊಜುನಾನ ಎಲೆಯಿಂದ ಅದೆಷ್ಟು ಗೆಳೆಯರನ್ನು ಅಳಿಸಿದ್ದೇನೋ! ತೂಕ ಎಂದು ಕೂಗಿದರೆ ಸಾಕು, ಅವನನ್ನು ಮೀರಿಸುವವರೇ ಇರಲಿಲ್ಲ. ಆ ಕಟ್ಟಿನ ಜೊತೆಗೆ ಜಾತ್ರೆಯ ಕುಸ್ತಿಯ ಹಸಿರು, ಗುಲಾಬಿ ಬಣ್ಣದ ಕರಪತ್ರಗಳು, ಮರಾಠಿ ಪತ್ರಿಕೆಗಳಿಂದ ಕತ್ತರಿಸಿದ ಮಹಾರಾಷ್ಟ್ರ ಕೇಸರಿಗಳ ಚಿತ್ರಗಳು, ಹೆಗಲ ಮೇಲೆ ಬೆಳ್ಳಿಯ ಗದೆ ಹೊತ್ತ ಪೈಲವಾನರ ಕ್ಯಾಲೆಂಡರುಗಳು, ಇವೆಲ್ಲ ಒಂದು ತಗಡಿನ ಪೆಟ್ಟಿಗೆಯಲ್ಲಿ ಸೇರಿಕೊಂಡವು. ಗೆದ್ದಲು ತಿಂದು ಉಳಿದದ್ದು ಈಗಲೂ ಇದೆ.

ಈ ಪೆಟ್ಟಿಗೆಯಲ್ಲಿ ಖಾಶಾಬಾ ಅವರ ಎಲೆ ಇರಲಿಲ್ಲ. ಇರುವುದಾದರೂ ಹೇಗೆ? ಅವರ ತೂಕ 57 ಕಿಲೋ. ಯೊಕೊಜುನಾನ ಒಂದು ಕಾಲಿನ ತೂಕ ಅಷ್ಟಿದ್ದೀತು. ಒಂದು ದಿನ ಕಾರ್ಡು ಹರವಿಕೊಂಡು ಕುಳಿತಿದ್ದಾಗ ಅಪ್ಪ ಬಂದು ನೋಡಿ, ಇವರಲ್ಲಿ ಕರಾಡದ ಖಾಶಾಬಾ ಯಾರೆಂದು ಕೇಳಿದರು. ಇಲ್ಲವೆಂದೆ. ಹಾಗಾದರೆ ಈ ಕಟ್ಟು ಪೂರ್ತಿಯಾಗಿಲ್ಲ ಎಂದು ಹೇಳಿ ದನಕ್ಕೆ ನೀರು ಕುಡಿಸಲು ಹೋದರು. ಆಮೇಲೆ ಎಷ್ಟೋ ದಿನಗಳ ತನಕ, ರಾತ್ರಿ ಉಣ್ಣುವಾಗ, ಸ್ವಲ್ಪ ಸ್ವಲ್ಪವಾಗಿ ಹೇಳಿದ ಕಥೆ ಇದು. ಅಪ್ಪ ಹೇಳಿದ್ದರಲ್ಲಿ ಕೆಲವು ತಪ್ಪುಗಳಿದ್ದುವು, ಆಮೇಲೆ ಓದಿ ತಿದ್ದಿಕೊಂಡಿದ್ದೇನೆ.

ಖಾಶಾಬಾ ಅವರು ಹುಟ್ಟಿದ್ದು 1926ರ ಜನವರಿ 15ರಂದು, ಸಾತಾರಾ ಜಿಲ್ಲೆಯ ಕರಾಡದ ಮಗ್ಗುಲಿನ ಗೋಳೇಶ್ವರ ಎಂಬ ಹಳ್ಳಿಯಲ್ಲಿ. ಕೃಷ್ಣೆಗೆ ಕೊಯ್ನೆ ಬಂದು ಕೂಡುವುದು ಕರಾಡದಲ್ಲಿ. ಆ ನೀರೇ ಮುಂದೆ ಹರಿದು ನಮ್ಮ ವಿಜಾಪುರ ಸೀಮೆಗೆ ಬರುತ್ತದೆ. ತಂದೆ ದಾದಾಸಾಹೇಬರು ತಾವೇ ಹೆಸರಾದ ಪೈಲವಾನರು. ಐವರು ಗಂಡುಮಕ್ಕಳಲ್ಲಿ ಖಾಶಾಬಾ ಕಿರಿಯರು. ಮಗುವಿಗೆ ಐದು ವರ್ಷವಾಗುತ್ತಲೇ ತಂದೆ ಮಣ್ಣಿಗಿಳಿಸಿದರೆಂದೂ, ಎಂಟು ವರ್ಷದವನಿದ್ದಾಗ ಆ ಭಾಗದ ಹೆಸರಾಂತ ಹುಡುಗನೊಬ್ಬನನ್ನು ಎರಡೇ ನಿಮಿಷಗಳಲ್ಲಿ ಚಿತ್ ಮಾಡಿದನೆಂದೂ ಹೇಳುತ್ತಾರೆ. ಬಾಬುರಾವ್ ಬಲಾವಡೆ ಮತ್ತು ಬೇಲಾಪುರಿ ಗುರುಜಿ ಎಂಬವರು ಅವರನ್ನು ತಿದ್ದಿ ತೀಡಿದ ವಸ್ತಾದರು. 1940ರಿಂದ 1947ರ ವರೆಗೆ ಕರಾಡದ ತಿಲಕ್ ಹೈಸ್ಕೂಲಿನಲ್ಲಿ ವಿದ್ಯಾಭ್ಯಾಸ. ನಡುವೆ 1942ರ ಚಳವಳಿ ಬಂತು. ಸಾತಾರಾ ಜಿಲ್ಲೆ ಆಗ ಹೊತ್ತಿ ಉರಿದ ಜಿಲ್ಲೆ. ಶಾಲೆಯ ಹುಡುಗನಾಗಿದ್ದ ಖಾಶಾಬಾ ಭೂಗತರಾದ ಕಾರ್ಯಕರ್ತರಿಗೆ ಆಸರೆ ಕೊಡುವುದು, ಪತ್ರಗಳನ್ನು ಕೈಯಿಂದ ಕೈಗೆ ಮುಟ್ಟಿಸುವುದು ಇತ್ಯಾದಿ ಕೆಲಸಗಳಲ್ಲಿ ಭಾಗವಹಿಸಿದರು.

ಮುಂದೆ ಕೊಲ್ಹಾಪುರದ ರಾಜಾರಾಮ್ ಕಾಲೇಜು. ಕನ್ನಡಿಗರು ಈ ಕಾಲೇಜನ್ನು ಬೇರೊಂದು ಕಾರಣಕ್ಕೆ ನೆನೆಯಬೇಕು, ನಮ್ಮ ವಿ.ಕೃ. ಗೋಕಾಕರೂ ಒಂದು ಕಾಲದಲ್ಲಿ ಅದರ ಪ್ರಾಂಶುಪಾಲರಾಗಿದ್ದವರು. ಕೊಲ್ಹಾಪುರವೆಂದರೆ ಕುಸ್ತಿಯ ಕಾಶಿ. ಶಾಹು ಮಹಾರಾಜರು 1902ರಲ್ಲಿ ಯುರೋಪಿಗೆ ಹೋಗಿದ್ದಾಗ ರೋಮಿನ ಹಳೆಯ ರಂಗಮಂಟಪವಾದ ಕೊಲೋಸಿಯಮ್ಮನ್ನು ಕಂಡು, ಅದೇ ಮಾದರಿಯಲ್ಲಿ ತಮ್ಮ ಊರಿನಲ್ಲಿ ಖಾಸಬಾಗ್ ಮೈದಾನವನ್ನು ಕಟ್ಟಿಸಿದರು. ಎಷ್ಟು ಸಾವಿರ ಜನ ಕುಳಿತರೂ ನಡುವಿನ ಅಖಾಡ ಎಲ್ಲರಿಗೂ ಕಾಣಬೇಕು, ಹಾಗೆ ಕಟ್ಟಿದ್ದು. ನಮ್ಮ ಕನ್ನಡ ನೆಲದ ಹುಡುಗರೂ ಅಲ್ಲಿಗೆ ಹೋಗಿ ಪೈಲವಾನರಾದದ್ದುಂಟು. ಚಿಕ್ಕೋಡಿ ತಾಲ್ಲೂಕಿನ ಯಕ್ಸಂಬಾದಲ್ಲಿ ಹುಟ್ಟಿದ ಶ್ರೀಪತಿ ಖಂಚನಾಳೆಯವರು ಕೊಲ್ಹಾಪುರದಲ್ಲಿ ಪಳಗಿ 1959ರಲ್ಲಿ ಮೊತ್ತಮೊದಲ ಹಿಂದ್ ಕೇಸರಿಯಾದರು. ಅವರು ತೀರಿಕೊಂಡದ್ದು 2020ರಲ್ಲಿ.

ಅಂಥ ಊರಿಗೆ ಈ ಸಣ್ಣ ಮೈಕಟ್ಟಿನ ಹುಡುಗ ಬಂದಾಗ ಯಾರಿಗೂ ಪೈಲವಾನನೆಂದು ಅನಿಸಲಿಲ್ಲ. ಕಾಲೇಜಿನ ವಾರ್ಷಿಕ ಕ್ರೀಡೆಗಳಲ್ಲಿ ಕುಸ್ತಿಗೆ ಹೆಸರು ಕೊಡಹೋದರೆ ಕ್ರೀಡಾ ಶಿಕ್ಷಕರು ಮೈ ನೋಡಿ ಬೇಡವೆಂದರಂತೆ. ಖಾಶಾಬಾ ನೇರವಾಗಿ ಪ್ರಾಂಶುಪಾಲರಾದ ಬ್ಯಾರಿಸ್ಟರ್ ಬಾಳಾಸಾಹೇಬ ಖರ್ಡೇಕರರ ಬಳಿಗೆ ಹೋದರು. ಅವರು ಅನುಮತಿ ಕೊಟ್ಟರು. ತನಗಿಂತ ದೊಡ್ಡ ದೇಹದವರನ್ನೆಲ್ಲ ಒಬ್ಬೊಬ್ಬರನ್ನಾಗಿ ಉರುಳಿಸಿ ಹುಡುಗ ಗೆದ್ದ. ಖರ್ಡೇಕರರ ಹೆಸರನ್ನು ಓದುಗರು ನೆನಪಿಟ್ಟುಕೊಳ್ಳಬೇಕು, ಮುಂದೆ ಮತ್ತೆ ಬರುತ್ತದೆ.

1948ರಲ್ಲಿ ಲಂಡನ್ ಒಲಿಂಪಿಕ್ಸ್. ಕೊಲ್ಹಾಪುರದ ಮಹಾರಾಜರು ಪ್ರಯಾಣದ ಖರ್ಚು ಕೊಟ್ಟರು. ಅಲ್ಲಿಗೆ ಹೋದ ಮೇಲೆ ಖಾಶಾಬಾಗೆ ಎದುರಾದದ್ದು ಮೊದಲು ಎದುರಾಳಿಯಲ್ಲ, ಕಾಲಡಿಯ ಗಾದಿ. ಹುಟ್ಟಿನಿಂದ ಮಣ್ಣಿನಲ್ಲಿ ಆಡಿದ ಕಾಲು ಅದು. ಮಣ್ಣಿನಲ್ಲಿ ಹೆಬ್ಬೆರಳು ಊರಿದರೆ ಹಿಡಿತ ಸಿಗುತ್ತದೆ, ಬಿದ್ದರೆ ಮಣ್ಣು ತುಸು ಜಾಗ ಕೊಡುತ್ತದೆ. ಗಾದಿಯ ಮೇಲೆ ಬೂಟು ಹಾಕಿ ನಿಲ್ಲಬೇಕು. ನಮ್ಮ ನಿಕಾಲಿ ಕುಸ್ತಿಗೆ ಹೊತ್ತಿನ ಮಿತಿಯಿಲ್ಲ. ಒಬ್ಬನ ಬೆನ್ನು ನೆಲಕ್ಕೆ ಹತ್ತುವ ತನಕ ನಡೆಯುತ್ತದೆ, ಹತ್ತಿತೆಂದರೆ ಮುಗಿಯಿತು, ತಕರಾರಿಲ್ಲ. ಅಲ್ಲಿ ಗಡಿಯಾರ, ಅಂಕ, ಮೂವರು ತೀರ್ಪುಗಾರರು. ಈ ಎಲ್ಲವನ್ನೂ ಖಾಶಾಬಾ ಲಂಡನ್ನಿನಲ್ಲಿಯೇ ಕಲಿಯಬೇಕಾಯಿತು. ರೀಸ್ ಗಾರ್ಡ್ನರ್ ಎಂಬ ಅಮೆರಿಕನ್ ತರಬೇತುದಾರರು ಕಲಿಸಿಕೊಟ್ಟರು. ಆಸ್ಟ್ರೇಲಿಯದ ಬರ್ಟ್ ಹ್ಯಾರಿಸ್ ಎಂಬವನನ್ನೂ ಅಮೆರಿಕದ ಬಿಲ್ಲಿ ಜರ್ನಿಗನ್ ಎಂಬವನನ್ನೂ ಸೋಲಿಸಿ, ಇರಾನಿನ ಮನ್ಸೂರ್ ರಯೀಸಿಗೆ ಸೋತು, 52 ಕಿಲೋ ವರ್ಗದಲ್ಲಿ ಆರನೆಯ ಸ್ಥಾನ ಪಡೆದರು. ಗಾದಿಯನ್ನು ಹೊಸದಾಗಿ ಕಂಡವನಿಗೆ ಅದು ಸಣ್ಣ ಸಾಧನೆಯಲ್ಲ. ಆದರೆ ಖಾಶಾಬಾಗೆ ಸಮಾಧಾನವಾಗಲಿಲ್ಲ. ಮುಂದಿನ ನಾಲ್ಕು ವರ್ಷ ಅವರು ದಂಡ ಬೈಠಕುಗಳ ಲೆಕ್ಕವನ್ನು ಏರಿಸುತ್ತಲೇ ಹೋದರು, ಒಂದು ವರ್ಗ ಮೇಲಕ್ಕೂ ಹೋದರು.

ಹೆಲ್ಸಿಂಕಿಯ ದಾರಿ ಮಾತ್ರ ನೆಟ್ಟಗಿರಲಿಲ್ಲ. ಮದ್ರಾಸಿನಲ್ಲಿ ನಡೆದ ರಾಷ್ಟ್ರೀಯ ಪಂದ್ಯದಲ್ಲಿ ತಮಗೆ ಬೇಕೆಂದೇ ಒಂದು ಅಂಕ ಕಡಮೆ ಕೊಟ್ಟು ಹಿಂದೆ ತಳ್ಳಿದರೆಂದು ಅವರ ದೂರು. ಪಟಿಯಾಲದ ಮಹಾರಾಜರವರೆಗೆ ಮೊರೆ ಹೋದರು. ಮಹಾರಾಜರು ಮತ್ತೊಮ್ಮೆ ಪರೀಕ್ಷೆ ಕುಸ್ತಿ ಏರ್ಪಡಿಸಿದರು. ಅಲ್ಲಿ ಎದುರಾಳಿಯನ್ನು ಚಿತ್ ಮಾಡಿ ತೋರಿಸಿದ ಮೇಲೆ ಹೆಸರು ಪಟ್ಟಿಗೆ ಸೇರಿತು.

ಹೆಸರು ಸೇರಿತು, ಹಣ ಬರಲಿಲ್ಲ. ದೇಶ ಹೊಸದಾಗಿ ಸ್ವತಂತ್ರವಾದದ್ದು. ಪೈಲವಾನನನ್ನು ವಿದೇಶಕ್ಕೆ ಕಳಿಸುವುದು ಸರಕಾರದ ಕೆಲಸವೆಂದು ಆಗ ಯಾರೂ ತಿಳಿದಿರಲಿಲ್ಲ. ಗೋಳೇಶ್ವರದ ಜನ ಮನೆ ಮನೆಗೆ ಹೋಗಿ ಪಟ್ಟಿ ಎತ್ತಿದರು. ಹಳ್ಳಿಯ ಪಟ್ಟಿ ಎಂದರೆ ಎಷ್ಟಾದೀತು? ಒಕ್ಕಲುತನದವರ ಕೈಯಲ್ಲಿ ರೊಕ್ಕ ಆಡುವುದು ಸುಗ್ಗಿಯ ಒಂದು ತಿಂಗಳು. ಆಗ ಖರ್ಡೇಕರರು ತಮ್ಮ ಸ್ವಂತ ಮನೆಯನ್ನು ಒತ್ತೆಯಿಟ್ಟು 7,000 ರೂಪಾಯಿ ತಂದು ಹುಡುಗನ ಕೈಯಲ್ಲಿಟ್ಟರು. 1952ರ ಏಳು ಸಾವಿರ. ನಾನು ಮಾಸ್ತರನಾಗಿ ಇಪ್ಪತ್ತು ವರ್ಷ ಮೀರಿತು. ಬಡ ಹುಡುಗರಿಗೆ ಪರೀಕ್ಷೆಯ ಶುಲ್ಕ ಕಟ್ಟಿದ್ದೇನೆ, ಬಸ್ಸಿನ ಖರ್ಚು ಕೊಟ್ಟಿದ್ದೇನೆ, ಅದನ್ನು ಮನಸ್ಸಿನ ಯಾವುದೋ ಮೂಲೆಯಲ್ಲಿ ಲೆಕ್ಕವಿಟ್ಟುಕೊಂಡೂ ಇದ್ದೇನೆ. ಮನೆಯ ಪತ್ರವನ್ನು ಒಯ್ದು ಒತ್ತೆಯಿಡುವ ಧೈರ್ಯ ನನಗೆ ಬಂದೀತೆಂದು ಹೇಳಲಾರೆ.

ಹೆಲ್ಸಿಂಕಿಯಲ್ಲಿ 57 ಕಿಲೋ ವರ್ಗ. ಕೆನಡದ ಅಡ್ರಿಯನ್ ಪೊಲಿಕ್ವಿನ್, ಮೆಕ್ಸಿಕೋದ ಲಿಯೊನಾರ್ಡೊ ಬಸುರ್ತೊ, ಜರ್ಮನಿಯ ಫರ್ಡಿನಾಂಡ್ ಶ್ಮಿಟ್ಸ್, ಮೂವರನ್ನೂ ಖಾಶಾಬಾ ದಾಟಿದರು. ಮುಂದೆ ಜಪಾನಿನ ಶೊಹಾಚಿ ಇಶಿಯಿ ಮತ್ತು ಸೋವಿಯತ್ ದೇಶದ ರಶೀದ್ ಮಮದ್‌ಬೆಯೋವ್. ಈ ಇಬ್ಬರಿಗೂ ಖಾಶಾಬಾ ಸೋತರು. ಇಶಿಯಿಗೆ ಚಿನ್ನ, ಮಮದ್‌ಬೆಯೋವನಿಗೆ ಬೆಳ್ಳಿ, ಖಾಶಾಬಾಗೆ ಕಂಚು. ಈ ಕೊನೆಯ ಸುತ್ತಿನ ಬಗ್ಗೆ ನಮ್ಮ ಕಡೆಯ ಹಳಬರು ಮರುಗುತ್ತ ಹೇಳುವ ಒಂದು ಸಂಗತಿ ಇದೆ. ಒಂದು ದೀರ್ಘ ಕುಸ್ತಿ ಮುಗಿಸಿ ಮೈ ಸೋತಿದ್ದಾಗಲೇ ಇನ್ನೊಂದಕ್ಕೆ ಕರೆದರು. ಎರಡು ಕುಸ್ತಿಗಳ ನಡುವೆ ಅರ್ಧ ಗಂಟೆಯಾದರೂ ವಿಶ್ರಾಂತಿ ಕೊಡಬೇಕೆಂಬುದು ನಿಯಮ. ಅದನ್ನು ಎತ್ತಿ ಆಡಲು ಪಕ್ಕದಲ್ಲಿ ಒಬ್ಬ ಭಾರತೀಯ ಅಧಿಕಾರಿಯಾದರೂ ಇರಬೇಕಿತ್ತು, ಇರಲಿಲ್ಲ. ಖಾಶಾಬಾಗೆ ಅಲ್ಲಿಯ ಮಾತು ಬಾರದು, ಅಲ್ಲಿಯವರಿಗೆ ಇವರ ಮಾತು ತಿಳಿಯದು. ಕರೆದರು, ಎದ್ದು ಹೋದರು.

ಪರಭಾಷೆಯ ಕಚೇರಿಯ ಕಟಕಟೆಯ ಮುಂದೆ ಅರ್ಜಿ ಹಿಡಿದು ನಿಂತು, ತನ್ನ ಪಾಲಿನ ನಿಯಮ ಏನೆಂದು ಹೇಳಲು ಬಾಯಿ ಬಾರದೆ ಮರಳಿ ಬಂದವರಿಗೆ ಈ ಸಂಗತಿಯನ್ನು ಬಿಡಿಸಿ ಹೇಳಬೇಕಾಗಿಲ್ಲ.

ಕೊಲ್ಹಾಪುರದ ಕಡೆಯವರೇ ಆದ ಮಂಗಾವೆ ಎಂಬ ಇನ್ನೊಬ್ಬ ಪೈಲವಾನರು ಅದೇ ಒಲಿಂಪಿಕ್ಸಿನಲ್ಲಿ ಬೇರೊಂದು ವರ್ಗದಲ್ಲಿ ಪದಕದ ಹತ್ತಿರ ಬಂದು ಜಾರಿದರು. ಖಾಶಾಬಾ ಅವರ ಪದಕ ಖಚಿತವಾದದ್ದು ಜುಲೈ 23ರಂದು. ಮಾರನೆಯ ದಿನ, 24ರಂದು, ಭಾರತದ ಹಾಕಿ ತಂಡ ನೆದರ್‌ಲೆಂಡ್ಸನ್ನು ಸೋಲಿಸಿ ಚಿನ್ನ ಗೆದ್ದಿತು. ಚಿನ್ನದ ಮುಂದೆ ಕಂಚಿನ ಬೆಳಕು ಎಷ್ಟು? ಪತ್ರಿಕೆಗಳಿಗೆ ಹಾಕಿಯೇ ಸಾಕಾಯಿತು. ಅದು ತಪ್ಪೆಂದು ನಾನು ಹೇಳುವುದಿಲ್ಲ, ಬಲಬೀರ್ ಸಿಂಗ್ ಅಂದು ಒಬ್ಬರೇ ಐದು ಗೋಲು ಹೊಡೆದಿದ್ದರು.

ಈಗಿನಂತೆ ಪದಕವನ್ನು ಕೊರಳಿಗೆ ಹಾಕುವ ಪದ್ಧತಿ ಆಗ ಇರಲಿಲ್ಲ. ಅದು ಬಂದದ್ದು 1960ರ ರೋಮ್ ಒಲಿಂಪಿಕ್ಸಿನಲ್ಲಿ. 1952ರಲ್ಲಿ ಪದಕವನ್ನು ಒಂದು ಡಬ್ಬಿಯಲ್ಲಿಟ್ಟು ಕೈಗೆ ಕೊಡುತ್ತಿದ್ದರು. ಪದಕದ ಒಂದು ಮೈಯಲ್ಲಿ ಕುಳಿತ ಜಯದೇವತೆ. ಅವಳ ಹಿಂದೆ ರೋಮಿನ ಕೊಲೋಸಿಯಂ. ಶಾಹು ಮಹಾರಾಜರು ರೋಮಿನಲ್ಲಿ ಕಂಡು ಬಂದ ಕಟ್ಟಡದ ಚಿತ್ರ ಹೀಗೆ ಅರ್ಧ ಶತಮಾನ ಕಳೆದು ಖಾಶಾಬಾನ ಜೇಬಿನಲ್ಲಿ ಕೊಲ್ಹಾಪುರಕ್ಕೆ ಬಂತು.

ಊರು ಅವರನ್ನು ಬರಮಾಡಿಕೊಂಡ ಬಗೆ ಇಂದಿಗೂ ಆ ಸೀಮೆಯಲ್ಲಿ ಕಥೆಯಾಗಿದೆ. ಕರಾಡದ ರೈಲು ನಿಲ್ದಾಣದಲ್ಲಿ 151 ಜೋಡೆತ್ತಿನ ಗಾಡಿಗಳು ಕಾದು ನಿಂತಿದ್ದುವು. ಕಾಲು ಗಂಟೆಯ ದಾರಿಗೆ ಮೆರವಣಿಗೆ ಏಳು ಗಂಟೆ ತೆಗೆದುಕೊಂಡಿತು. ಎತ್ತಿನ ಕೋಡಿಗೆ ಗೊಂಡೆ, ಕೊರಳಿಗೆ ಗೆಜ್ಜೆ, ಮುಂದೆ ಲೇಜಿಮು. ಅಪ್ಪ ಈ ಭಾಗಕ್ಕೆ ಬಂದಾಗ ಊಟ ನಿಲ್ಲಿಸಿಬಿಡುತ್ತಿದ್ದರು. ಎತ್ತಿನ ಗಾಡಿಯ ಲೆಕ್ಕದಲ್ಲಿ ಅವರು ಒಮ್ಮೆಯೂ ತಪ್ಪಿದವರಲ್ಲ.

ಆ ಮೇಲೆ ಖಾಶಾಬಾ ಮಾಡಿದ ಮೊದಲ ಕೆಲಸ ಸಾಲ ತೀರಿಸಿದ್ದು. ಕೊಲ್ಹಾಪುರದಲ್ಲಿ ಕುಸ್ತಿಯ ಮೈದಾನ ಏರ್ಪಡಿಸಿ, ತಾವೇ ಇಳಿದು ಆಡಿ ಗೆದ್ದು, ಬಂದ ಹಣವನ್ನು ಖರ್ಡೇಕರರಿಗೆ ಒಪ್ಪಿಸಿ ಅವರ ಮನೆಯನ್ನು ಒತ್ತೆಯಿಂದ ಬಿಡಿಸಿದರು. ಒಲಿಂಪಿಕ್ ಪದಕ ಗೆದ್ದ ಮನುಷ್ಯ ಮತ್ತೆ ಮಣ್ಣಿಗಿಳಿದು ಟಿಕೇಟಿನ ಕುಸ್ತಿ ಆಡಿದ್ದು ಗುರುವಿನ ಮನೆಯ ಸಲುವಾಗಿ. ಹಣಕ್ಕಾಗಿ ಆಡುವ ಕುಸ್ತಿಯನ್ನು ಹೀನವಾಗಿ ನೋಡುವ ವಿದ್ಯಾವಂತರು ಇದ್ದಾರೆ. ಅವರಿಗೆ ನಾನು ಹೇಳುವುದು ಇದನ್ನೇ. ಹೆಸರಾಂತ ಗಾಮಾ ಪೈಲವಾನರು 1910ರಲ್ಲಿ ಲಂಡನ್ನಿಗೆ ಹೋಗಿ ಪೋಲೆಂಡಿನ ಜಿಬಿಸ್ಕೊನೊಡನೆ ಎರಡೂವರೆ ಗಂಟೆ ಹೆಣಗಿ, ಮರು ಕುಸ್ತಿಗೆ ಅವನು ಬಾರದೆ ಹೋದಾಗ ಜಾನ್ ಬುಲ್ ಪಟ್ಟಿಯನ್ನು ಪಡೆದದ್ದು ಸಹ ಹಣದ ಕುಸ್ತಿಯಲ್ಲೇ. ನಾನು ಬಾಲ್ಯದಲ್ಲಿ ಮರುಳಾದ ಅಮೆರಿಕದ ಕುಸ್ತಿಯ ಸೋಲು ಗೆಲುವು ಮೊದಲೇ ಗೊತ್ತು ಮಾಡಿಕೊಂಡದ್ದೆಂದು ತರಬೇತಿಯ ಕಾಲದಲ್ಲಿ ತಿಳಿದಾಗ ವಾರಗಟ್ಟಲೆ ಬೇಸರಪಟ್ಟಿದ್ದೆ. ಆಗ ನಿಮ್ಮ ಕಡೆಯ ಆ ಮಿತ್ರರು, ಯಕ್ಷಗಾನದಲ್ಲಿ ಬೆಳಗಾಗುವಷ್ಟರಲ್ಲಿ ಮಹಿಷಾಸುರ ಸಾಯುವನೆಂದು ತಿಳಿದೂ ರಾತ್ರಿಯಿಡೀ ಕುಳಿತು ನೋಡುವುದಿಲ್ಲವೇ ಎಂದು ಕೇಳಿ ಸಮಾಧಾನ ಹೇಳಿದ್ದರು. ಅವರ ಮಾತು ಸರಿಯೇ ಇದ್ದೀತು. ಆದರೂ ಬೆನ್ನಿಗೆ ನಿಜವಾದ ಮಣ್ಣು ಹತ್ತಿಸಿಕೊಂಡವನಿಗೆ ಒಂದು ವ್ಯತ್ಯಾಸ ಇದ್ದೇ ಇದೆ.

1955ರಲ್ಲಿ ಖಾಶಾಬಾ ಪೋಲೀಸು ಇಲಾಖೆಯಲ್ಲಿ ಸಬ್ ಇನ್‌ಸ್ಪೆಕ್ಟರಾಗಿ ಸೇರಿದರು. 1956ರ ಮೆಲ್ಬರ್ನ್ ಒಲಿಂಪಿಕ್ಸಿಗೂ ಹೋಗಬೇಕೆಂದಿದ್ದರು, ಮೊಣಕಾಲಿನ ಗಾಯ ಬಿಡಲಿಲ್ಲ. ಇಲಾಖೆಯ ಪಂದ್ಯಗಳಲ್ಲಿ ಗೆದ್ದರು, ಹುಡುಗರಿಗೆ ಕುಸ್ತಿ ಕಲಿಸಿದರು. ಹೀಗೆ 27 ವರ್ಷ. ಸಹಾಯಕ ಪೋಲೀಸ್ ಕಮಿಷನರ್ ಹುದ್ದೆಗೆ ಏರಿ ನಿವೃತ್ತರಾದರು. ನಿವೃತ್ತಿಯ ಪಿಂಚಣಿಗಾಗಿಯೂ ಅವರು ಬಡಿದಾಡಬೇಕಾಯಿತು. 1982ರಲ್ಲಿ ದೆಹಲಿಯಲ್ಲಿ ಏಷ್ಯನ್ ಕ್ರೀಡೆಗಳು ನಡೆದಾಗ ಜ್ಯೋತಿಯ ಓಟದಲ್ಲಿ ಅವರನ್ನು ಸೇರಿಸಿಕೊಂಡರು. ಬದುಕಿದ್ದಾಗ ರಾಷ್ಟ್ರಮಟ್ಟದಲ್ಲಿ ಅವರಿಗೆ ಸಂದ ಮನ್ನಣೆಯಲ್ಲಿ ಹೇಳಿಕೊಳ್ಳುವಂಥದು ಅದೊಂದೇ. ಪದ್ಮ ಪ್ರಶಸ್ತಿ ಅವರ ಜೀವಮಾನದಲ್ಲಿ ಬರಲಿಲ್ಲ.

1984ರ ಆಗಸ್ಟ್ 14ರಂದು, ಸ್ವಾತಂತ್ರ್ಯ ದಿನದ ಹಿಂದಿನ ದಿನ, ಮೋಟಾರ್ ಸೈಕಲಿನ ಅಪಘಾತದಲ್ಲಿ ಖಾಶಾಬಾ ತೀರಿಕೊಂಡರು. ಆಗ ಅವರಿಗೆ 58 ವರ್ಷ.

ಮನ್ನಣೆಗಳು ಬಂದದ್ದು ಆ ಮೇಲೆ, ನಿಧಾನವಾಗಿ. ಮಹಾರಾಷ್ಟ್ರ ಸರಕಾರದ ಶಿವ ಛತ್ರಪತಿ ಪ್ರಶಸ್ತಿ 1990ರ ದಶಕದಲ್ಲಿ. 2000ದ ಸಾಲಿನ ಅರ್ಜುನ ಪ್ರಶಸ್ತಿ, ತೀರಿಕೊಂಡು ಹದಿನಾರು ವರ್ಷಗಳಾದ ಮೇಲೆ. 2010ರಲ್ಲಿ ದೆಹಲಿಯ ಇಂದಿರಾ ಗಾಂಧಿ ಕ್ರೀಡಾ ಸಂಕೀರ್ಣದ ಕುಸ್ತಿ ಭವನಕ್ಕೆ ಅವರ ಹೆಸರಿಟ್ಟರು. 2023ರ ಜನವರಿ 15ರಂದು ಗೂಗಲ್ ಸಂಸ್ಥೆಯವರು ತಮ್ಮ ಮುಖಪುಟದಲ್ಲಿ ಅವರ ಚಿತ್ರ ಬಿಡಿಸಿದ್ದರು. ಅಂದು ನನ್ನ ವಿದ್ಯಾರ್ಥಿಯೊಬ್ಬ ತಂದೆಯ ಫೋನಿನಲ್ಲಿ ಅದನ್ನು ನೋಡಿ, ಮಾರನೆಯ ದಿನ ಶಾಲೆಗೆ ಬಂದು ನನಗೇ ಹೊಸ ಸುದ್ದಿಯಂತೆ ಹೇಳಿದ.

ಈ ನಡುವೆ 2017ರಲ್ಲಿ ಓದಿದ ಒಂದು ಸುದ್ದಿ ನನ್ನನ್ನು ಕೂಡಿಡುವವನಾಗಿಯೂ ಮಾಸ್ತರನಾಗಿಯೂ ಬಹಳ ಕಾಡಿತು. ಗೋಳೇಶ್ವರದಲ್ಲಿ ಖಾಶಾಬಾ ಹೆಸರಿನ ಕುಸ್ತಿ ತರಬೇತಿ ಕೇಂದ್ರವನ್ನು ಕಟ್ಟಿಸಿಕೊಡುವುದಾಗಿ 2009ರಲ್ಲಿ ಕೊಟ್ಟ ಭರವಸೆ ಎಂಟು ವರ್ಷವಾದರೂ ಈಡೇರಲಿಲ್ಲವೆಂದು, ಆ ಕೇಂದ್ರದ ಹಣಕ್ಕಾಗಿ ತಂದೆಯ ಪದಕವನ್ನೇ ಹರಾಜಿಗಿಡುವುದಾಗಿ ಅವರ ಮಗ ಸಾರಿದ ಸುದ್ದಿ. ಹಳೆಯ ಕುಸ್ತಿಯ ಪಟ್ಟಿ, ಪದಕ, ಕಾರ್ಡು ಮುಂತಾದುವನ್ನು ಸಾವಿರ ಲಕ್ಷ ಕೊಟ್ಟು ಕೊಳ್ಳುವ ಸಿರಿವಂತರು ಪರದೇಶಗಳಲ್ಲಿ ಇದ್ದಾರೆ. ಅವರ ಬಗ್ಗೆ ಓದುವಾಗ ನನಗೂ ಆಸೆಯಾಗುತ್ತಿತ್ತು. ಅಂದು ಮೊದಲ ಸಲ ಆ ಆಸೆ ನಾಚಿಕೆ ತಂದಿತು. ಆ ಪದಕ ಯಾವನೋ ಒಬ್ಬನ ಗಾಜಿನ ಕಪಾಟಿಗೆ ಹೋದರೆ ಅದರ ಹಿಂದಿನ ಒತ್ತೆಯ ಮನೆ, ಪಟ್ಟಿ ಎತ್ತಿದ ಹಳ್ಳಿ, 151 ಗಾಡಿಗಳು, ಇವನ್ನೆಲ್ಲ ಯಾರು ಕೊಳ್ಳುವವರು? ಆದರೆ ಮಗನ ಮೇಲೆ ಸಿಟ್ಟೂ ಬರಲಿಲ್ಲ. ಅಪ್ಪ ಮಣ್ಣಿಗಿಳಿದು ಗುರುವಿನ ಮನೆ ಬಿಡಿಸಿದ್ದು. ಮಗನ ಕೈಯಲ್ಲಿ ಇದ್ದದ್ದು ಪದಕವೊಂದೇ.

ಮುಂದಿನ ಬೇಸಿಗೆಯಲ್ಲಿ ನೆಂಟರ ಮದುವೆಗೆಂದು ಕರಾಡಕ್ಕೆ ಹೋದವನು ಮುಹೂರ್ತ ಮುಗಿಸಿ ಗೋಳೇಶ್ವರಕ್ಕೆ ನಡೆದುಕೊಂಡೇ ಹೋದೆ. ಕಬ್ಬಿನ ಹೊಲಗಳ ನಡುವೆ ದಾರಿ. ಏಳು ಗಂಟೆ ಹಿಡಿದ ಮೆರವಣಿಗೆಯ ಲೆಕ್ಕ ನೆನೆಯುತ್ತ ನಡೆದೆ. ಅವರ ಮನೆಗೆ ಒಲಿಂಪಿಕ್ ನಿವಾಸ ಎಂದು ಹೆಸರು. ಹೊರಗೆ ಐದು ನಿಮಿಷ ನಿಂತೆ. ಒಳಗೆ ಹೋಗಿ ಪದಕ ತೋರಿಸಿರೆಂದು ಕೇಳಲು ಸಂಕೋಚವಾಯಿತು. ಮದುವೆಯ ಪಟಗಾ ತಲೆಯ ಮೇಲೆ ಹಾಗೆಯೇ ಇತ್ತು, ಅದನ್ನು ಬಿಚ್ಚಿ ಕಂಕುಳಲ್ಲಿಟ್ಟುಕೊಂಡು ಮರಳಿ ಬಂದೆ.

ಚಿಕ್ಕಂದಿನಲ್ಲಿ ಅಪ್ಪನ ಮಾತು ಕೇಳಿದ ಮೇಲೆ ನೋಟುಬುಕ್ಕಿನ ರಟ್ಟು ಕತ್ತರಿಸಿ ನಾನೇ ಒಂದು ಕಾರ್ಡು ಮಾಡಿಕೊಂಡಿದ್ದೆ. ಮೇಲೆ ಪೆನ್ಸಿಲಿನಲ್ಲಿ ಬಿಡಿಸಿದ ಒಂದು ಸೊಟ್ಟ ಮುಖ, ಕೆಳಗೆ ಕೆ.ಡಿ. ಜಾಧವ, ತೂಕ 57 ಕಿಲೋ, ರ್‍ಯಾಂಕು 1. ಆಟದಲ್ಲಿ ಗೆಳೆಯರು ಅದನ್ನು ಒಪ್ಪಿಕೊಳ್ಳಲೇ ಇಲ್ಲ. ಅಚ್ಚು ಹಾಕಿದ್ದಲ್ಲದ ಎಲೆ ನಡೆಯುವುದಿಲ್ಲವೆಂದು ಹೊರಗಿಟ್ಟರು. ಹೀಗಾಗಿ ಯಾರೂ ಅದನ್ನು ಗೆದ್ದುಕೊಂಡು ಹೋಗಲೂ ಇಲ್ಲ, ಗೆದ್ದಲೂ ಮುಟ್ಟಲಿಲ್ಲ. ಹೋದ ವರ್ಷ ಅದನ್ನು ತರಗತಿಗೆ ಒಯ್ದು ತೋರಿಸಿದೆ. ಲೆಕ್ಕದಲ್ಲಿ ಚುರುಕಾದ ಒಬ್ಬ ಹುಡುಗ ಎದ್ದು ನಿಂತು, ಕಂಚು ಎಂದರೆ ಮೂರನೆಯದು, ಇಲ್ಲಿ ಒಂದು ಎಂದು ಬರೆದದ್ದು ತಪ್ಪಲ್ಲವೇ ಸರ್ ಎಂದು ಕೇಳಿದ. ತಪ್ಪು ಹೌದೆಂದು ಒಪ್ಪಿಕೊಂಡೆ. ಕಾರ್ಡನ್ನು ಅವನ ಕೈಗೆ ಕೊಟ್ಟು, ತಿದ್ದುವುದಾದರೆ ತಿದ್ದು ಎಂದೆ. ಅವನು ಪೆನ್ನು ತೆಗೆದು ಸ್ವಲ್ಪ ಹೊತ್ತು ಹಿಡಿದುಕೊಂಡು ನಿಂತು, ಹಾಗೆಯೇ ಮರಳಿ ಕೊಟ್ಟ.